ಡೀಸೆಲ್ ಎಂಬ ಮನುಷ್ಯ

ಡೀಸೆಲ್ ಎಂಬುದು ಒಬ್ಬ ಮನುಷ್ಯನ ಹೆಸರೆಂದು ನನಗೆ ತಿಳಿದದ್ದು ಕಾಲೇಜಿಗೆ ಸೇರಿದ ಮೇಲೆ. ಅದಕ್ಕೆ ಮುಂಚೆ ಸೀಮೆಎಣ್ಣೆ, ಹರಳೆಣ್ಣೆಗಳಂತೆ ಅದೂ ಒಂದು ಎಣ್ಣೆಯ ಹೆಸರೆಂದೇ ನಂಬಿದ್ದೆನು. ನಾಚಿಕೆಪಡಬೇಕಾದವನು ನಾನೊಬ್ಬನೇ ಅಲ್ಲ. ತರಗತಿಯ ಗೆಳೆಯರನ್ನು ವಿಚಾರಿಸಿ ನೋಡಿದೆನು. ಹೆಚ್ಚಿನವರ ನಂಬಿಕೆಯೂ ಅದೇ ಆಗಿದ್ದಿತು. ಕಲಾವಿಭಾಗದ ವಿದ್ಯಾರ್ಥಿಗೆ ಎಂಜಿನಿನ ಗೊಡವೆ ಏಕೆಂದು ಕೇಳುವವರಿರಬಹುದು. ಅದಕ್ಕೆ ನನ್ನ ಉತ್ತರ ಇಷ್ಟೆ: ನಾನು ಒಂದು ಲಾರಿಯನ್ನು ನಂಬಿ ಬದುಕಿದ ಮನೆಯಲ್ಲಿ ಹುಟ್ಟಿದವನು.

ನಮ್ಮ ತಂದೆಯವರಿಗೆ ಒಂದು ಹಳೆಯ ಲಾರಿ ಇದ್ದಿತು. ನನಗೆ ಹತ್ತು ವರ್ಷವಾಗಿದ್ದಾಗ, ಬೇಸಗೆಯ ರಜೆಯಲ್ಲಿ, ಚಳ್ಳಕೆರೆಯ ಗಿರಣಿಯಿಂದ ಶೇಂಗಾ ಎಣ್ಣೆಯ ಡಬ್ಬಗಳನ್ನು ಹೇರಿಕೊಂಡು ಬೆಂಗಳೂರಿಗೆ ಹೊರಟಾಗ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಹಿರಿಯೂರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಂಜಿನು ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಟ್ಯಾಂಕು ಬರಿದಾಗಿದ್ದಿತು, ಅಳತೆ ತೋರಿಸುವ ಮುಳ್ಳು ಕೆಟ್ಟು ಎಷ್ಟೋ ತಿಂಗಳಾಗಿದ್ದಿತು. ಕ್ಲೀನರು ನಡೆದು ಹೋಗಿ ಕ್ಯಾನಿನಲ್ಲಿ ಡೀಸೆಲ್ ತಂದು ಸುರಿದ. ಆದರೂ ಎಂಜಿನು ಏಳಲಿಲ್ಲ. ಆಗ ತಂದೆಯವರು ಎಂಜಿನಿನ ಮುಚ್ಚಳ ತೆಗೆದು, ಫಿಲ್ಟರಿನ ಮೇಲಿದ್ದ ಒಂದು ತಿರುಪನ್ನು ಸಡಿಲಿಸಿ, ಕೊಳವೆಯ ಬಳಿಯಿದ್ದ ಪುಟ್ಟ ಕೈಪಂಪನ್ನು ಮೇಲಕ್ಕೂ ಕೆಳಕ್ಕೂ ಆಡಿಸತೊಡಗಿದರು. ತಿರುಪಿನ ಸಂದಿಯಿಂದ ಮೊದಲು ಬರಿಯ ನೊರೆ ಬಂದಿತು. ಬಳಿಕ ಗುಳ್ಳೆಯಿಲ್ಲದ ಎಣ್ಣೆ ಬಂದಿತು. ತಿರುಪನ್ನು ಬಿಗಿದು ಸೆಲ್ಫ್ ಹೊಡೆದೊಡನೆ ಎಂಜಿನು ಗರ್ಜಿಸಿಕೊಂಡು ಎದ್ದಿತು. ಕೊಳವೆಯೊಳಗೆ ಗಾಳಿ ಸೇರಿದರೆ ಈ ಎಂಜಿನು ಸತ್ತಂತೆ ಎಂದು ಅವರು ನನಗೆ ಹೇಳಿದರು. ಹಾಗಾದರೆ ಹೊರಗೆ ಜೋಡಿಸಿರುವ ಆ ದೊಡ್ಡ ಡಬ್ಬದಿಂದ ಅದು ಗಾಳಿಯನ್ನೇಕೆ ಸೇದುತ್ತದೆ ಎಂದು ನಾನು ಕೇಳಿದೆನು. ಅದೂ ನಿಜವೇ ಎಂದು ನಕ್ಕು ಸುಮ್ಮನಾದರು.

ಗಾಳಿಯಿಂದ ಬದುಕುವ ಎಂಜಿನಿಗೆ ಗಾಳಿಯೇ ಮೃತ್ಯುವಾಗುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಮ್ಮ ಗ್ರಂಥಾಲಯದ ಹಳೆಯ ಬೀರುವಿನ ಮುಂದೆ ಕುಳಿತಾಗ ನನಗೆ ರುಡಾಲ್ಫ್ ಡೀಸೆಲನ ಪರಿಚಯವಾಯಿತು.

ಡೀಸೆಲನು 1858ನೆಯ ಇಸವಿ ಮಾರ್ಚಿ 18ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ತಂದೆತಾಯಿಗಳು ಜರ್ಮನಿಯ ಬವೇರಿಯ ಪ್ರಾಂತದಿಂದ ಹೊಟ್ಟೆಪಾಡಿಗಾಗಿ ಬಂದು ಅಲ್ಲಿ ನೆಲಸಿದವರು. ತಂದೆ ತೊಗಲಿನ ಸಾಮಾನುಗಳನ್ನು ತಯಾರಿಸಿ ಮಾರುತ್ತಿದ್ದನು. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹತ್ತಿದಾಗ ಜರ್ಮನರೆಲ್ಲ ಪ್ಯಾರಿಸನ್ನು ಬಿಡಬೇಕಾಯಿತು. ಈ ಕುಟುಂಬವು ಲಂಡನ್ನಿಗೆ ಓಡಿಹೋಯಿತು. ಅಲ್ಲಿ ಎಲ್ಲರ ಹೊಟ್ಟೆ ತುಂಬುವುದು ಕಷ್ಟವಾದುದರಿಂದ ಹನ್ನೆರಡು ವರ್ಷದ ರುಡಾಲ್ಫನನ್ನು ಆಗ್ಸ್‌ಬರ್ಗ್ ಪಟ್ಟಣದಲ್ಲಿದ್ದ ಬಂಧುಗಳ ಮನೆಗೆ ಕಳುಹಿಸಿಕೊಟ್ಟರು. ಆ ಮನೆಯ ಯಜಮಾನನು ಗಣಿತದ ಉಪಾಧ್ಯಾಯನಾಗಿದ್ದನು. ಪರರ ಮನೆಯ ಅನ್ನ ಉಂಡು ಬೆಳೆದ ಹುಡುಗನಿಗೆ ಓದಿನ ಬೆಲೆ ಬೇಗ ತಿಳಿಯುತ್ತದೆ. ಹದಿನಾಲ್ಕನೆಯ ವಯಸ್ಸಿಗೇ ತಾನು ಎಂಜಿನಿಯರನಾಗುವೆನೆಂದು ರುಡಾಲ್ಫನು ನಿಶ್ಚಯಿಸಿ ತಂದೆತಾಯಿಗಳಿಗೆ ಕಾಗದ ಬರೆದನು. ತರಗತಿಗೆ ಮೊದಲಿಗನಾಗಿ ತೇರ್ಗಡೆಯಾಗಿ, ವಿದ್ಯಾರ್ಥಿವೇತನ ಗಳಿಸಿ, ಮ್ಯೂನಿಕ್ ನಗರದ ಪಾಲಿಟೆಕ್ನಿಕ್ಕನ್ನು ಸೇರಿದನು.

ಅಲ್ಲಿ ಅವನಿಗೆ ದೊರೆತ ಗುರು ಕಾರ್ಲ್ ಫಾನ್ ಲಿಂಡೆ. ಶೀತಲಯಂತ್ರಗಳನ್ನು ನಿರ್ಮಿಸಿ ಹೆಸರು ಪಡೆದವನು. ಒಂದು ದಿನ ಪಾಠ ಹೇಳುತ್ತ ಲಿಂಡೆಯು, ಉಗಿಯಂತ್ರವು ಕಲ್ಲಿದ್ದಲಿನ ಶಾಖದಲ್ಲಿ ನೂರಕ್ಕೆ ಹತ್ತು ಪಾಲನ್ನು ಕೂಡ ಕೆಲಸವಾಗಿ ಮಾರ್ಪಡಿಸಲಾರದೆಂದು ವಿವರಿಸಿದನು. ಉಳಿದ ತೊಂಬತ್ತು ಪಾಲು ಹೊಗೆಯಲ್ಲಿ, ಹಬೆಯಲ್ಲಿ ವ್ಯರ್ಥವಾಗುವುದು. ಫ್ರೆಂಚ್ ವಿಜ್ಞಾನಿ ಸಾದಿ ಕಾರ್ನೊ 1824ರಲ್ಲಿಯೇ ಶಾಖದಿಂದ ಹೆಚ್ಚೆಂದರೆ ಎಷ್ಟು ಕೆಲಸ ಪಡೆಯಬಹುದೆಂಬ ತತ್ತ್ವವನ್ನು ನಿರೂಪಿಸಿದ್ದನು. ಆ ತತ್ತ್ವಕ್ಕೂ ಕಾರ್ಖಾನೆಯ ಉಗಿಯಂತ್ರಕ್ಕೂ ಇದ್ದ ದೂರವು ಬಡವರ ಮನೆಯ ಹುಡುಗನನ್ನು ಕಾಡಿತು. ಆ ಅಂತರವನ್ನು ತುಂಬುವುದೇ ಬಾಳಿನ ಗುರಿಯೆಂದು ಅವನು ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಗುರುತು ಹಾಕಿಕೊಂಡನೆಂದು ಹೇಳುತ್ತಾರೆ. ವಿಷಮಶೀತಜ್ವರದಿಂದಾಗಿ 1879ರಲ್ಲಿ ಪರೀಕ್ಷೆಗೆ ಕೂಡಲಾಗದೆ, ಸ್ವಿಟ್ಜರ್ಲೆಂಡಿನ ಕಾರ್ಖಾನೆಯೊಂದರಲ್ಲಿ ಕೈಕೆಲಸ ಕಲಿತು, 1880ರಲ್ಲಿ ಉನ್ನತ ಶ್ರೇಣಿಯಲ್ಲಿ ಪದವಿ ಪಡೆದನು. ಬಳಿಕ ಹತ್ತಾರು ವರ್ಷ ಲಿಂಡೆಯ ಮಂಜುಗಡ್ಡೆ ಯಂತ್ರಗಳನ್ನು ಪ್ಯಾರಿಸಿನಲ್ಲಿಯೂ ಬರ್ಲಿನ್ನಿನಲ್ಲಿಯೂ ನೋಡಿಕೊಂಡನು. 1883ರಲ್ಲಿ ಮಾರ್ತಾ ಎಂಬಾಕೆಯನ್ನು ಮದುವೆಯಾದನು. ಅವರಿಗೆ ಮೂವರು ಮಕ್ಕಳು. ಹಗಲು ತಣ್ಣನೆಯ ಯಂತ್ರಗಳ ಚಾಕರಿ, ರಾತ್ರಿ ಬಿಸಿ ಯಂತ್ರದ ಕನಸು. ಹೀಗೆ ಅವನ ಯೌವನ ಕಳೆಯಿತು.

ಅವನ ಕನಸನ್ನು ತಿಳಿಯಬೇಕಾದರೆ ಎಂಜಿನಿನೊಳಗೆ ಒಮ್ಮೆ ಇಣಿಕಿ ನೋಡಬೇಕು. ಉಗಿಯಂತ್ರದಲ್ಲಿ ಬೆಂಕಿ ಒಂದು ಕಡೆ, ಕೆಲಸ ಮತ್ತೊಂದು ಕಡೆ. ಮೋಟಾರಿನ ಎಂಜಿನಿನಲ್ಲಿ ಬೆಂಕಿಯು ಸಿಲಿಂಡರಿನ ಹೊಟ್ಟೆಯೊಳಗೇ ಹುಟ್ಟುತ್ತದೆ. ಸಿಲಿಂಡರು ಎಂದರೆ ಗಟ್ಟಿಯಾದ ಉಕ್ಕಿನ ಕೊಳಗ. ಅದರೊಳಗೆ ಮೇಲೆ ಕೆಳಗೆ ಆಡುವ ಬೆಣೆಯೇ ಪಿಸ್ಟನ್. ಪಿಸ್ಟನ್ನಿನ ಓಟಗಳು ನಾಲ್ಕು. ಮೊದಲ ಓಟದಲ್ಲಿ ಅದು ಕೆಳಗಿಳಿದು ಉಸಿರನ್ನು ಒಳಕ್ಕೆ ಎಳೆಯುತ್ತದೆ. ಎರಡನೆಯದರಲ್ಲಿ ಮೇಲೆದ್ದು ಅದನ್ನು ಅದುಮುತ್ತದೆ. ಮೂರನೆಯದರಲ್ಲಿ ಉರಿದ ಅನಿಲವು ಅದನ್ನು ರಭಸದಿಂದ ಕೆಳಕ್ಕೆ ನೂಕುತ್ತದೆ. ನಾಲ್ಕನೆಯದರಲ್ಲಿ ಅದು ಮೇಲೇರಿ ಹೊಗೆಯನ್ನು ಹೊರದಬ್ಬುತ್ತದೆ. ನಾಲ್ಕರಲ್ಲಿ ದುಡಿಯುವುದು ಒಂದೇ ಓಟ. ಉಳಿದ ಮೂರಕ್ಕೂ ಆ ಒಂದರ ದುಡಿಮೆಯೇ ಆಧಾರ. ನಿಕೊಲಾಸ್ ಓಟೊ ಎಂಬ ಜರ್ಮನನು 1876ರಲ್ಲಿ ಇಂತಹ ನಾಲ್ಕು ಓಟದ ಎಂಜಿನನ್ನು ನಡೆಸಿ ತೋರಿಸಿದನು. ಕಾರ್ಲ್ ಬೆಂಜನು ಆ ತತ್ತ್ವದ ಎಂಜಿನನ್ನು ಮೂರು ಗಾಲಿಯ ಬಂಡಿಗೆ ಹೂಡಿ 1886ರಲ್ಲಿ ಪೇಟೆಂಟು ಪಡೆದನು.

ಓಟೊವಿನ ಕ್ರಮದಲ್ಲಿ ಗಾಳಿಯೂ ಪೆಟ್ರೋಲಿನಂತಹ ಇಂಧನವೂ ಮೊದಲೇ ಬೆರೆತು ಒಳಗೆ ಬರುತ್ತವೆ. ಅದುಮಿದ ಮೇಲೆ ಅವುಗಳಿಗೆ ಹೊರಗಿನಿಂದ ಕಿಡಿ ಹೊತ್ತಿಸಬೇಕು. ಇಂತಹ ಬೆರಕೆಯನ್ನು ಬಹಳ ಅದುಮುವಂತಿಲ್ಲ. ಅದುಮಿದರೆ ಹೊತ್ತಿಗೆ ಮುಂಚೆಯೇ ಸಿಡಿಯುತ್ತದೆ. ಆದರೆ ಹೆಚ್ಚು ಅದುಮಿದಷ್ಟೂ ಶಾಖದಿಂದ ಹೆಚ್ಚು ಕೆಲಸ ದೊರೆಯುತ್ತದೆಂಬುದು ಶಾಸ್ತ್ರದ ನಿಯಮ. ಡೀಸೆಲನ ಬುದ್ಧಿ ಹೊಳೆದದ್ದು ಇಲ್ಲಿಯೇ. ಬರಿಯ ಗಾಳಿಯನ್ನೇ ಒಳಗೆ ತಂದು ಅದುಮಿದರೆ ಅದು ಸಿಡಿಯುವ ಭಯವೆಲ್ಲಿ? ಸೈಕಲ್ಲಿಗೆ ಗಾಳಿ ತುಂಬುವಾಗ ಪಂಪಿನ ತುದಿ ಬಿಸಿಯಾಗುವುದನ್ನು ನಾವೆಲ್ಲರೂ ಮುಟ್ಟಿ ಅರಿತಿದ್ದೇವೆ. ಗಾಳಿಯನ್ನು ಅದರ ಗಾತ್ರದ ಹದಿನಾರನೆಯ ಒಂದು ಪಾಲಿಗೋ ಇನ್ನೂ ಕಿರಿದಾಗಿಯೋ ಒಮ್ಮೆಗೇ ಅದುಮಿದರೆ ಅದರ ಶಾಖವು 500 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಆ ಕ್ಷಣದಲ್ಲಿ ಎಣ್ಣೆಯನ್ನು ತುಂತುರಾಗಿ ಚಿಮ್ಮಿಸಿದರೆ ಕಿಡಿಯ ಹಂಗಿಲ್ಲದೆ ತಾನೇ ಹೊತ್ತಿಕೊಳ್ಳುತ್ತದೆ. ನಮ್ಮ ತಂದೆಯವರ ಲಾರಿಯಲ್ಲಿ ಪೆಟ್ರೋಲ್ ಕಾರಿಗಿರುವಂತಹ ಸ್ಪಾರ್ಕ್ ಪ್ಲಗ್ ಏಕಿರಲಿಲ್ಲವೆಂಬುದು ನನಗೆ ಅರ್ಥವಾದದ್ದು ಈ ಪುಟವನ್ನು ಓದಿದಾಗ.

ಹಿರಿಯೂರಿನ ರಸ್ತೆಯ ಒಗಟಿಗೂ ಉತ್ತರ ಇಲ್ಲಿಯೇ ಇದೆ. ಸಿಲಿಂಡರಿನ ಗಾಳಿ ಅಷ್ಟೊಂದು ಒತ್ತಡದಲ್ಲಿರುವಾಗ ಅದರೊಳಕ್ಕೆ ಎಣ್ಣೆಯನ್ನು ನುಗ್ಗಿಸಬೇಕಾದರೆ ಪಂಪು ಇನ್ನೂ ಹೆಚ್ಚಿನ ಬಲದಿಂದ ತಳ್ಳಬೇಕು. ಎಣ್ಣೆಯು ಅದುಮಿದರೆ ಕುಗ್ಗುವ ವಸ್ತುವಲ್ಲ; ಆದುದರಿಂದ ಪಂಪಿನ ಬಲವೆಲ್ಲ ನೇರವಾಗಿ ಚಿಮ್ಮುಮೂತಿಗೆ ತಲುಪುತ್ತದೆ. ನಡುವೆ ಗಾಳಿಯ ಗುಳ್ಳೆಯೊಂದು ಸೇರಿಕೊಂಡರೆ ಬಲವೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲಿಯೇ ಮುಗಿದುಹೋಗುತ್ತದೆ, ಮೂತಿ ತೆರೆಯುವುದಿಲ್ಲ. ಗಾಳಿಯು ಸಿಲಿಂಡರಿನೊಳಗಿದ್ದರೆ ಪ್ರಾಣ, ಕೊಳವೆಯೊಳಗೆ ಅವಿತಿದ್ದರೆ ಮರಣ.

1892ರ ಫೆಬ್ರವರಿಯಲ್ಲಿ ಡೀಸೆಲನು ಪೇಟೆಂಟಿಗೆ ಅರ್ಜಿ ಹಾಕಿಕೊಂಡನು. ಮರುವರ್ಷ ತನ್ನ ಸಿದ್ಧಾಂತವನ್ನು ಪುಸ್ತಕವಾಗಿ ಪ್ರಕಟಿಸಿದನು. ವಿದ್ವಾಂಸರಲ್ಲಿ ಕೆಲವರು ಮೆಚ್ಚಿದರು, ಕೆಲವರು ಹಾಸ್ಯ ಮಾಡಿದರು. ಆಗ್ಸ್‌ಬರ್ಗಿನ ಯಂತ್ರ ಕಾರ್ಖಾನೆಯ ಮುಖ್ಯಸ್ಥ ಹೈನ್ರಿಕ್ ಫಾನ್ ಬುಜ್ ಎಂಬ ಧೀರನು ಪ್ರಯೋಗಕ್ಕೆ ಜಾಗವಿತ್ತನು. ಕ್ರುಪ್ ಕಾರ್ಖಾನೆಯೂ ಹಣವಿತ್ತಿತು. 1893ರ ಆಗಸ್ಟ್ 10ರಂದು ಮೊದಲ ಪರೀಕ್ಷೆ. ಇಂಧನ ಹೊತ್ತಿಕೊಂಡಿತು, ಆದರೆ ಒತ್ತಡ ಅಳೆಯುವ ಉಪಕರಣವು ಸಿಡಿದು ಚೂರಾಯಿತು. ಎಂಜಿನು ತಿರುಗದಿದ್ದರೂ, ಗಾಳಿಯನ್ನು ಅದುಮಿಯೇ ಬೆಂಕಿ ಹುಟ್ಟಿಸಬಹುದೆಂಬುದು ಸಿದ್ಧವಾಯಿತು. 1894ರ ಫೆಬ್ರವರಿ 17ರಂದು ಎಂಜಿನು ಸುಮಾರು ಒಂದು ನಿಮಿಷ ಕಾಲ ತನ್ನ ಬಲದಿಂದ ತಾನೇ ತಿರುಗಿತು. ಆ ಒಂದು ನಿಮಿಷಕ್ಕಾಗಿ ಎಷ್ಟು ವರ್ಷಗಳನ್ನು ತೆತ್ತಿದ್ದನೋ! ಅದಕ್ಕೆ ಸರಿಯಾಗಿ ಮೂರು ವರ್ಷಗಳ ಬಳಿಕ, 1897ರ ಫೆಬ್ರವರಿ 17ರಂದು, ಪ್ರೊಫೆಸರ್ ಮೊರಿಟ್ಸ್ ಶ್ರೋಟರನು ಆಳೆತ್ತರಕ್ಕಿಂತ ಮಿಗಿಲಾದ ಆ ಯಂತ್ರವನ್ನು ಪರೀಕ್ಷಿಸಿ, ಅದು ಎಣ್ಣೆಯ ಶಾಖದಲ್ಲಿ ನೂರಕ್ಕೆ 26 ಪಾಲನ್ನು ಕೆಲಸವಾಗಿ ಮಾರ್ಪಡಿಸುತ್ತದೆಂದು ಪ್ರಕಟಿಸಿದನು. ಲೋಕದಲ್ಲಿ ಅಂದು ಇದಕ್ಕೆ ಸಮನಾದ ಶಾಖಯಂತ್ರ ಬೇರೊಂದಿರಲಿಲ್ಲ.

ಮುಂದಿನದು ವೈಭವದ ಕಾಲ. ದೇಶದೇಶಗಳಿಂದ ಜನ ಹಕ್ಕುಪತ್ರಕ್ಕಾಗಿ ಬಂದರು. ಅಮೆರಿಕದ ಹಕ್ಕೊಂದಕ್ಕೇ ಹತ್ತು ಲಕ್ಷ ಮಾರ್ಕು ದೊರೆಯಿತು. ಮ್ಯೂನಿಕ್ಕಿನಲ್ಲಿ ಅರಮನೆಯಂತಹ ಮನೆ ಎದ್ದಿತು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅವನ ಎಂಜಿನು ದೊಡ್ಡ ಬಹುಮಾನ ಪಡೆಯಿತು. ಅದೇ ಪ್ರದರ್ಶನದಲ್ಲಿ ಚಿಕ್ಕ ಎಂಜಿನೊಂದನ್ನು ಶೇಂಗಾ ಎಣ್ಣೆಯಿಂದ ನಡೆಸಲಾಯಿತೆಂದೂ, ನೋಡುವವರಲ್ಲಿ ಬಹುಮಂದಿಗೆ ವ್ಯತ್ಯಾಸವೇ ತಿಳಿಯಲಿಲ್ಲವೆಂದೂ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕುಳಿತೆನು. ಹಿರಿಯೂರಿನ ರಸ್ತೆಯಲ್ಲಿ ಎಣ್ಣೆಯಿಲ್ಲದೆ ನಿಂತ ನಮ್ಮ ಲಾರಿಯ ಬೆನ್ನ ಮೇಲೆ ಆ ದಿನ ನೂರಾರು ಡಬ್ಬ ಶೇಂಗಾ ಎಣ್ಣೆ ಇದ್ದಿತು! ಬೇಸಾಯಗಾರರು ತಮ್ಮ ಹೊಲದ ಎಣ್ಣೆಯಿಂದಲೇ ಯಂತ್ರಗಳನ್ನು ನಡೆಸುವ ಕಾಲ ಬಂದೀತೆಂದು ಡೀಸೆಲನು ನಂಬಿದ್ದನು. ನಮ್ಮ ನಾಡಿನಲ್ಲಿ ಹೊಂಗೆ ಎಣ್ಣೆಯನ್ನಿಟ್ಟುಕೊಂಡು ನಡೆದಿರುವ ಪ್ರಯೋಗಗಳು ಈ ನಂಬಿಕೆಯ ಮರಿಮಕ್ಕಳೇ ಸರಿ.

ಸಣ್ಣ ಕಸಬುದಾರನಿಗೂ ಕೈಗೆಟುಕುವ ಎಂಜಿನು ಬೇಕೆಂಬುದು ಡೀಸೆಲನ ಮೊದಲ ಆಸೆಯಾಗಿದ್ದಿತು. ಕೆಲಸಗಾರರೇ ಕೂಡಿ ಉದ್ಯಮಗಳನ್ನು ನಡೆಸುವ ಕ್ರಮವನ್ನು ವಿವರಿಸಿ 1903ರಲ್ಲಿ ಅವನು ಸಾಲಿಡಾರಿಸ್ಮುಸ್ ಎಂಬ ಗ್ರಂಥವನ್ನೂ ಬರೆದನು. ಅದನ್ನು ಕೊಂಡು ಓದಿದವರು ಬಹಳ ಕಡಿಮೆ. ಎಂಜಿನು ಕೂಡ ಸಣ್ಣವರ ಮನೆಗೆ ಹೋಗದೆ ದೊಡ್ಡ ಕಾರ್ಖಾನೆಗಳಿಗೂ ಹಡಗುಗಳಿಗೂ ಹೋಯಿತು. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯ ಎಂಬ ಹಡಗು ಡೀಸೆಲ್ ಬಲದಿಂದ, ಹೊಗೆಕೊಳವೆಯೇ ಇಲ್ಲದೆ, ಸಾಗರಗಳನ್ನು ದಾಟಿ ಬ್ಯಾಂಕಾಕಿಗೆ ಹೋಗಿ ಬಂದಿತು.

ಹೊರಗೆ ಕೀರ್ತಿ ಬೆಳೆಯುತ್ತಿದ್ದಂತೆ ಒಳಗೆ ಮನುಷ್ಯನು ಕುಸಿಯುತ್ತಿದ್ದನು. ಆರಂಭದ ಎಂಜಿನುಗಳು ಪದೇ ಪದೇ ಕೆಟ್ಟು ಕೊಂಡವರು ಸಿಟ್ಟಾದರು. ಪೇಟೆಂಟಿನ ವ್ಯಾಜ್ಯಗಳು ಅವನನ್ನು ಹಣ್ಣುಮಾಡಿದವು. ಅತಿ ದುಡಿಮೆಯಿಂದ ತಲೆನೋವು, ನಿದ್ರಾನಾಶಗಳು ಕಾಡಿ, ಆರೋಗ್ಯಧಾಮದಲ್ಲಿ ತಿಂಗಳುಗಟ್ಟಲೆ ಇರಬೇಕಾಯಿತು. ಭೂಮಿಯ ವ್ಯವಹಾರದಲ್ಲಿಯೂ ಇತರ ಹೂಡಿಕೆಗಳಲ್ಲಿಯೂ ಹಣ ಕರಗಿತು. ಶಾಖದ ಒಂದೊಂದು ಪಾಲು ಎಲ್ಲಿ ಸೋರುತ್ತದೆಂದು ಲೆಕ್ಕವಿಟ್ಟವನಿಗೆ ತನ್ನ ಮನೆಯ ದುಡ್ಡು ಸೋರುವುದನ್ನು ತಡೆಯಲಾಗಲಿಲ್ಲ. ಇದಕ್ಕಿಂತ ದುಃಖದ ಸಂಗತಿಯೆಂದರೆ, ದೊಡ್ಡ ಮನೆಯ ಠೀವಿಯನ್ನು ಬಿಡದೆ, ಸಾಲದ ಸಂಗತಿಯನ್ನು ಹೆಂಡತಿ ಮಕ್ಕಳಿಗೂ ಅರಿವಾಗದಂತೆ ಅವನು ಮುಚ್ಚಿಟ್ಟದ್ದು.

1913ರ ಸೆಪ್ಟೆಂಬರ್ 29ರ ಸಂಜೆ ಬೆಲ್ಜಿಯಮಿನ ಆಂಟ್‌ವರ್ಪ್ ಬಂದರಿನಲ್ಲಿ ಡೀಸೆಲನು ಇಬ್ಬರು ಸಹೋದ್ಯೋಗಿಗಳೊಡನೆ ಡ್ರೆಸ್ಡನ್ ಎಂಬ ಹಡಗನ್ನು ಹತ್ತಿ ಇಂಗ್ಲೆಂಡಿಗೆ ಹೊರಟನು. ಊಟವಾದ ಮೇಲೆ, ಬೆಳಗ್ಗೆ 6-15ಕ್ಕೆ ತನ್ನನ್ನು ಎಬ್ಬಿಸಬೇಕೆಂದು ಹೇಳಿ ರಾತ್ರಿ ಸುಮಾರು ಹತ್ತಕ್ಕೆ ತನ್ನ ಕೋಣೆಗೆ ಹೋದನು. ಬೆಳಗ್ಗೆ ನೋಡಿದರೆ ಹಾಸಿಗೆ ಮಡಿಕೆ ಕೆಡದೆ ಇದ್ದಿತು. ಅವನ ಟೊಪ್ಪಿಗೆಯೂ ಮೇಲಂಗಿಯೂ ಹಡಗಿನ ಹಿಂಭಾಗದ ಕಟಕಟೆಯ ಬಳಿ ದೊರೆತವು. ಕೆಲವು ದಿನಗಳ ಮೇಲೆ ಡಚ್ಚರ ದೋಣಿಯವರು ಕಡಲಿನಲ್ಲಿ ಒಂದು ಶವವನ್ನು ಕಂಡು, ಜೇಬಿನ ವಸ್ತುಗಳನ್ನು ಮಾತ್ರ ತೆಗೆದುಕೊಂಡು ಶವವನ್ನು ಕಡಲಿಗೇ ಬಿಟ್ಟರು. ಆ ವಸ್ತುಗಳು ತಂದೆಯವೇ ಎಂದು ಮಗ ಗುರುತಿಸಿದನು. ಹೊರಡುವ ಮುಂಚೆ ಹೆಂಡತಿಗೆ ಒಂದು ಚೀಲವನ್ನು ಕೊಟ್ಟು, ಒಂದು ವಾರದ ಬಳಿಕ ತೆರೆಯಬೇಕೆಂದು ಹೇಳಿದ್ದನಂತೆ. ಅದರಲ್ಲಿ ನಗದು ಹಣವೂ, ಬ್ಯಾಂಕಿನ ಖಾತೆಗಳು ಬರಿದಾಗಿರುವುದನ್ನು ತಿಳಿಸುವ ಕಾಗದಗಳೂ ಇದ್ದವು. ಯಾರೋ ಕೊಂದರೆಂಬ ಗಾಳಿಮಾತುಗಳು ಆಗಿನಿಂದ ಇಂದಿನವರೆಗೂ ನಡೆದೇ ಇವೆ. ಆದರೆ ಆ ಕಾಗದಗಳು ಹೇಳುವ ಕಥೆಯೇ ಹೆಚ್ಚು ನಂಬತಕ್ಕದ್ದೆಂದು ನನಗೆ ತೋರುತ್ತದೆ.

ಅವನು ಬದುಕಿರುವವರೆಗೆ ಡೀಸೆಲ್ ಲಾರಿ ಮಾರುಕಟ್ಟೆಗೆ ಬರಲಿಲ್ಲ. ಎಣ್ಣೆಯನ್ನು ಚಿಮ್ಮಿಸಲು ಆಗ ಬೇಕಾಗಿದ್ದ ಭಾರಿ ಗಾಳಿಯಂತ್ರವನ್ನು ಹೊತ್ತು ಬಂಡಿ ಓಡುವಂತಿರಲಿಲ್ಲ. 1920ರ ದಶಕದಲ್ಲಿ ಆ ತೊಡಕು ಬಿಡಿಸಿತು. 1924ರ ವೇಳೆಗೆ ಜರ್ಮನಿಯಲ್ಲಿ ಡೀಸೆಲ್ ಲಾರಿಗಳು ಬಂದವು. 1927ರಲ್ಲಿ ಬಾಷ್ ಕಂಪನಿಯ ಚಿಮ್ಮುಪಂಪು ಕಾರ್ಖಾನೆಯಿಂದ ಹೊರಬಿತ್ತು. 1936ರಲ್ಲಿ ಮರ್ಸಿಡಿಸ್ ಬೆಂಜ್ 260 ಡಿ ಎಂಬ ಕಾರು ಬಂದಿತು. ಇಂದಿನ ಒಳ್ಳೆಯ ಲಾರಿಯ ಎಂಜಿನು ನೂರಕ್ಕೆ 40 ಪಾಲಿಗಿಂತಲೂ ಹೆಚ್ಚು ಶಾಖವನ್ನು ದುಡಿಸಿಕೊಳ್ಳುತ್ತದೆ. ಉಳಿದುದು ರೇಡಿಯೇಟರಿನ ನೀರಿಗೂ ಹೊಗೆಗೂ ಹೋಗುತ್ತದೆ. ದುಡಿದ ಪಾಲು ಕ್ಲಚ್ಚನ್ನೂ ಗೇರುಪೆಟ್ಟಿಗೆಯನ್ನೂ ಹಾದು, ಉದ್ದನೆಯ ದಂಡದ ಮೂಲಕ ಹಿಂದಿನ ಗಾಲಿಗಳನ್ನು ಮುಟ್ಟುತ್ತದೆ. ಅದರ ಹೊಗೆಯ ಮಸಿಯೂ ನೈಟ್ರೊಜನ್ನಿನ ಆಕ್ಸೈಡುಗಳೂ ಶ್ವಾಸಕೋಶಕ್ಕೆ ಕೇಡೆಂದು ತಿಳಿದ ಮೇಲೆ ನಿಯಮಗಳು ಬಿಗಿಯಾಗಿವೆ; ನಮ್ಮ ದೇಶದಲ್ಲಿಯೂ 2020ರ ಏಪ್ರಿಲ್ಲಿನಿಂದ ಬಿಎಸ್ 6 ಎಂಬ ಕಟ್ಟುಪಾಡು ಬಂದಿದೆ. ವಿದ್ಯುತ್ತಿನಿಂದ ಓಡುವ ಬಸ್ಸುಗಳೂ ರಸ್ತೆಗಿಳಿದಿವೆ. ಆದರೂ ನಾವು ಉಣ್ಣುವ ಅಕ್ಕಿಬೇಳೆಗಳಲ್ಲಿ ಬಹುಪಾಲು ಡೀಸೆಲನ ಬೆನ್ನೇರಿಯೇ ನಮ್ಮ ಊರಿಗೆ ಬರುತ್ತಿದೆ.

ಈ ಕಥೆಯನ್ನು ನಾನು ರಜೆಯಲ್ಲಿ ನಮ್ಮ ತಂದೆಯವರಿಗೆ ಹೇಳಿದೆನು. ಗಾಳಿಯ ಒಗಟು ಬಿಡಿಸಿದಾಗ ಅವರಿಗೆ ಬಹಳ ಸಂತೋಷವಾಯಿತು. ಶೇಂಗಾ ಎಣ್ಣೆಯ ಸಂಗತಿ ಹೇಳಿದಾಗ ಗಟ್ಟಿಯಾಗಿ ನಕ್ಕರು. ನಾನು ಪ್ಯಾರಿಸ್ ಪ್ರದರ್ಶನದ ಬಹುಮಾನಕ್ಕೆ ಕಥೆ ನಿಲ್ಲಿಸಿಬಿಟ್ಟೆನು. ನಿಲ್ಲಿಸಿದ್ದಕ್ಕೆ ಕಾರಣವಿದ್ದಿತು. ನಾನು ಪಿ.ಯು.ಸಿ. ಓದುತ್ತಿದ್ದಾಗ ನಮ್ಮ ಲಾರಿಯ ಸಾಲದ ಕಂತುಗಳು ಹಿಂದುಳಿದಿದ್ದವು. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಿ, ಮನೆಯಲ್ಲಿ ಯಾರಿಗೂ ಹೇಳದೆ, ತಂದೆಯವರು ರಾತ್ರಿಯೆಲ್ಲ ಜಗಲಿಯ ಮೇಲೆ ಎದ್ದು ಕುಳಿತಿರುತ್ತಿದ್ದರು. ಬಿಸಿಲಿನ ಉಷ್ಣವೆಂದು ನಾವು ತಿಳಿದಿದ್ದೆವು. ಸಾಲ ಕೊಟ್ಟವರ ಕಡೆಯವರು ಬಂದು ಲಾರಿಯನ್ನು ಎಳೆದುಕೊಂಡು ಹೋದ ದಿನವೇ ನಮ್ಮ ತಾಯಿಯವರಿಗೆ ವಿಷಯ ತಿಳಿದದ್ದು. ತಾಯಿಯವರು ಅಳಲಿಲ್ಲ. ಸಾಲದ ಚೀಟಿಗಳನ್ನೆಲ್ಲ ನೆಲದ ಮೇಲೆ ಹರಡಿಸಿ, ನನ್ನಿಂದ ಕೂಡಿಸಿ ಬರೆಸಿದರು.

ಆಮೇಲೇನಾಯಿತೆಂದು ತಂದೆಯವರು ಕೇಳಿದರು. ಮರೆಮಾಚಲು ನನಗೆ ಮನಸ್ಸಾಗಲಿಲ್ಲ. ಹಡಗು, ಮೇಲಂಗಿ, ಚೀಲ, ಎಲ್ಲವನ್ನೂ ಹೇಳಿದೆನು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, ಅಷ್ಟು ಓದಿದವನು ಮನೆಯಲ್ಲಿ ಒಂದು ಮಾತು ಹೇಳಬಾರದಿತ್ತೇ ಎಂದರು. ಒಳಗೆ ನೀರು ತರಲು ಹೋಗುತ್ತಿದ್ದ ತಾಯಿಯವರು ತಿರುಗಿ ಅವರ ಮುಖವನ್ನು ನೋಡಿದರು. ತಂದೆಯವರು ತಲೆ ತಗ್ಗಿಸಿ ಸಣ್ಣಗೆ ನಕ್ಕರು.

ಈಗ ಅವರು ಇನ್ನೊಬ್ಬರ ಲಾರಿಯನ್ನು ನಡೆಸುತ್ತಾರೆ. ಉಳಿದಿರುವ ಸಾಲದ ಲೆಕ್ಕವು ಅಡಿಗೆಮನೆಯ ಗೂಟಕ್ಕೆ ತೂಗುಹಾಕಿದ ಒಂದು ಪುಸ್ತಕದಲ್ಲಿದೆ. ಮನೆಯ ಎಲ್ಲರೂ ಅದನ್ನು ನೋಡಬಹುದು. ಪ್ರತಿ ತಿಂಗಳೂ ಅದರ ಮೊತ್ತ ಸ್ವಲ್ಪ ಸ್ವಲ್ಪ ಇಳಿಯುತ್ತಿದೆ. ಕಾಲೇಜಿನ ಬಸ್ಸು ಡೀಸೆಲ್ ಬಂಕಿನ ಮುಂದೆ ನಿಂತಾಗಲೆಲ್ಲ ನನಗೆ ಆ ದೊಡ್ಡ ಮನುಷ್ಯನ ಹೆಸರಿನೊಡನೆ ಹಿರಿಯೂರಿನ ರಸ್ತೆಯಲ್ಲಿ ಬಾಗಿ ನಿಂತು ತಿರುಪನ್ನು ಸಡಿಲಿಸುತ್ತಿದ್ದ ನಮ್ಮ ತಂದೆಯವರ ನೆನಪೂ ಬರುತ್ತದೆ. ಸಿಕ್ಕಿಬಿದ್ದ ಗಾಳಿಯನ್ನು ಹೊರಕ್ಕೆ ಬಿಡಲು ಎಷ್ಟೋ ವೇಳೆ ಒಂದು ತಿರುಪಿನ ಅರ್ಧ ಸುತ್ತು ಸಾಕು. ಡೀಸೆಲನಿಗೆ ಆ ಅರ್ಧ ಸುತ್ತು ತಿರುಗಿಸುವ ಕೈಯೊಂದು ಹತ್ತಿರವಿದ್ದಿದ್ದರೆ ಎಂದು ಮನಸ್ಸು ಮರುಗುತ್ತದೆ.